ಅಳೆಯುವ ಕೈ: ಮಿಸಿಸಿಪ್ಪಿಯ ಮತದಾರರ ಪಟ್ಟಿಯ ಕಥೆ

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಬಗ್ಗೆ ಮಾತಾಡಬೇಕು ಎಂದು ಕರೆದಿದ್ದೀರಿ. ನಾನು ಕಾಗೋಡಿನಿಂದ ಶುರು ಮಾಡುತ್ತೇನೆ, ದಯವಿಟ್ಟು ಜೊತೆಗೆ ಬನ್ನಿ.

1951. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಹೊತ್ತಿಕೊಂಡಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದು, ಅಳತೆಯೂ ಒಡೆಯರದು. ದೊಡ್ಡ ಕೊಳಗದಲ್ಲಿ ಅಳೆದರೆ ವರ್ಷವಿಡೀ ಗೇಯ್ದವನ ಮನೆಗೆ ಉಳಿಯುವುದೇನು? ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಇದ್ದ ಆ ಹೋರಾಟಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೆ ಒಳಗಾದರು. ಇದು ನಿಮಗೆಲ್ಲ ಗೊತ್ತಿರುವ ಕಥೆ.

ಅದೇ ವರ್ಷ ಲೋಹಿಯಾ ಅಮೆರಿಕಕ್ಕೆ ಹೋಗಿ, ಅಲ್ಲಿಯ ಕಪ್ಪು ಜನರ ಸಭೆಗಳಲ್ಲಿ ಕಾನೂನು ಭಂಗ ಚಳವಳಿಯ ಬಗ್ಗೆ ಮಾತಾಡಿದರು. ಹದಿಮೂರು ವರ್ಷದ ಮೇಲೆ, 1964ರ ಮೇ ಕೊನೆಯ ವಾರ, ಅಂದರೆ ಇಲ್ಲಿ ನೆಹರೂ ತೀರಿಕೊಂಡ ವಾರವೇ, ಅವರು ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿದ್ದರು. ಬಿಳಿಯರಿಗೆ ಮಾತ್ರ ಎಂದಿದ್ದ ಒಂದು ಕೆಫೆಟೀರಿಯಾದ ಬಾಗಿಲಿಗೆ ಹೋದರು. ಒಳಗೆ ಬಿಡಲಿಲ್ಲ. ಹೊರಟು ಹೋಗಿ ಎಂದಾಗ ಹೋಗಲಿಲ್ಲ. ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡರು. ವಿದೇಶಿ ಸಂಸದ ಎಂದು ಗೊತ್ತಾದ ಮೇಲೆ ಬಿಟ್ಟರು, ಅಮೆರಿಕ ಸರ್ಕಾರ ವಿಷಾದ ಹೇಳಿತು. ಆದರೆ ಆ ಊರಿನಲ್ಲೇ ಹುಟ್ಟಿ ಬೆಳೆದು, ಅದೇ ಬಾಗಿಲ ಮುಂದೆ ದಿನವೂ ನಡೆದು ಹೋಗುತ್ತಿದ್ದ ಸಾವಿರಾರು ಜನರಿಗೆ ಯಾರೂ ವಿಷಾದ ಹೇಳಿರಲಿಲ್ಲ. ಇವತ್ತು ನಾನು ಹೇಳಬೇಕಾದ್ದು ಅವರ ಕಥೆ. ಅದೂ ಕೊಳಗದ ಕಥೆಯೇ ಎಂಬುದು ನನ್ನ ನಂಬಿಕೆ.

1945ರಲ್ಲಿ ಯುದ್ಧ ಮುಗಿಯಿತು. ಹಿಟ್ಲರನ ಜನಾಂಗದ್ವೇಷವನ್ನು ಸೋಲಿಸಲು ಹೋದ ಅಮೆರಿಕದ ಸೈನ್ಯದಲ್ಲಿ ಕಪ್ಪು ಸೈನಿಕರಿಗೆ ಬೇರೆ ತುಕಡಿ, ಬೇರೆ ಊಟದ ಮನೆ. ಅವರು ಊರಿಗೆ ಮರಳಿದಾಗ ಆದದ್ದೇನು? 1946ರ ಫೆಬ್ರವರಿಯಲ್ಲಿ ಐಸಾಕ್ ವುಡರ್ಡ್ ಎಂಬ ಸಾರ್ಜೆಂಟ್ ಸೇನೆಯಿಂದ ಬಿಡುಗಡೆಯಾಗಿ ಸಮವಸ್ತ್ರದಲ್ಲೇ ಬಸ್ಸು ಹತ್ತಿದ್ದ. ದಕ್ಷಿಣ ಕ್ಯಾರೊಲಿನಾದಲ್ಲಿ ಚಾಲಕನ ಜೊತೆ ಮಾತಿಗೆ ಮಾತು ಬೆಳೆಯಿತು. ಪೊಲೀಸರು ಕೆಳಗಿಳಿಸಿ ಹೊಡೆದರು. ಎರಡೂ ಕಣ್ಣು ಹೋದವು. ಹೊಡೆದ ಪೊಲೀಸ್ ಮುಖ್ಯಸ್ಥನನ್ನು ಬಿಳಿಯರ ಜ್ಯೂರಿ ನಿರ್ದೋಷಿ ಎಂದು ಬಿಟ್ಟುಬಿಟ್ಟಿತು. ಅಧ್ಯಕ್ಷ ಟ್ರೂಮನ್ ಈ ಸುದ್ದಿ ಕೇಳಿ ಕಲಕಿಹೋದರು. 1948ರ ಜುಲೈನಲ್ಲಿ ಸೈನ್ಯದೊಳಗಿನ ಪ್ರತ್ಯೇಕತೆಯನ್ನು ಕೊನೆಗೊಳಿಸುವ ಆದೇಶಕ್ಕೆ ಸಹಿ ಹಾಕುವುದರ ಹಿಂದೆ ಈ ಕಲಕುವಿಕೆಯೂ ಇತ್ತು.

ಅದೇ 1946ರ ಜುಲೈ 2. ಮೆಡ್ಗರ್ ಎವರ್ಸ್‌ಗೆ ಅಂದು ಇಪ್ಪತ್ತೊಂದು ತುಂಬಿತು. ಯುರೋಪಿನಲ್ಲಿ ಯುದ್ಧ ಮಾಡಿ ಬಂದವರು. ಹುಟ್ಟುಹಬ್ಬದ ದಿನ ಅಣ್ಣ ಮತ್ತು ಗೆಳೆಯರ ಜೊತೆ ಮಿಸಿಸಿಪ್ಪಿಯ ಡಿಕೇಟರ್ ಊರಿನ ಕೋರ್ಟ್ ಕಟ್ಟಡಕ್ಕೆ ಮತ ಹಾಕಲು ಹೋದರು. ಬಂದೂಕು ಹಿಡಿದ ಬಿಳಿಯರು ಅಡ್ಡಗಟ್ಟಿದರು. ಅವತ್ತು ಮನೆಗೆ ಮರಳಿದ ಆ ಹುಡುಗ ಮುಂದೆ ಮಿಸಿಸಿಪ್ಪಿಯ ಹೋರಾಟದ ಮುಂದಾಳಾದರು. 1963ರ ಜೂನ್ 12ರ ನಡುರಾತ್ರಿ ತಮ್ಮ ಮನೆಯ ಅಂಗಳದಲ್ಲೇ ಗುಂಡಿಗೆ ಬಲಿಯಾದರು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ.

ಯುದ್ಧದಿಂದ ಬಂದವರಿಗೆ ಓದಲು, ಮನೆ ಕಟ್ಟಲು, ವ್ಯಾಪಾರ ಹೂಡಲು ಅಮೆರಿಕ ಸರ್ಕಾರ ದೊಡ್ಡ ಯೋಜನೆ ತಂದಿತ್ತು. ಆ ದೇಶದ ಮಧ್ಯಮ ವರ್ಗ ಎದ್ದು ನಿಂತದ್ದೇ ಅದರ ಮೇಲೆ ಎನ್ನುತ್ತಾರೆ. 1947ರಲ್ಲಿ ಮಿಸಿಸಿಪ್ಪಿಯ ನಗರಗಳಲ್ಲಿ ಲೆಕ್ಕ ನೋಡಿದಾಗ ಈ ಯೋಜನೆಯ ಭದ್ರತೆಯಲ್ಲಿ ಕೊಟ್ಟ ಸಾಲಗಳು 3,229. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಸಾಲ ಕೊಡುವ ಬ್ಯಾಂಕು ಸ್ಥಳೀಯ, ಅರ್ಜಿ ನೋಡುವ ಅಧಿಕಾರಿ ಸ್ಥಳೀಯ. ಕಾನೂನು ಭತ್ತ ಕೊಟ್ಟಿತು, ಅಳೆಯುವ ಕೊಳಗವನ್ನು ಊರ ಒಡೆಯರ ಕೈಯಲ್ಲೇ ಬಿಟ್ಟಿತು.

ಮತದ ವಿಷಯದಲ್ಲಿ ಈ ಅಳತೆ ಇನ್ನೂ ನಯವಾಗಿತ್ತು. ಅಮೆರಿಕದ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಬಂದಿದೆ: ಬಣ್ಣದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ. ಮಿಸಿಸಿಪ್ಪಿ 1890ರಲ್ಲಿ ತನ್ನ ರಾಜ್ಯದ ಸಂವಿಧಾನವನ್ನು ಹೊಸದಾಗಿ ಬರೆದು ಇದಕ್ಕೆ ದಾರಿ ಕಂಡುಕೊಂಡಿತು. ಮತ ಹಾಕಬೇಕೆಂದರೆ ತಲೆಗಂದಾಯ ಕಟ್ಟಿರಬೇಕು, ವರ್ಷಕ್ಕೆ ಎರಡು ಡಾಲರ್, ಎರಡು ವರ್ಷದ ರಸೀದಿ ತೋರಿಸಬೇಕು. ರಾಜ್ಯ ಸಂವಿಧಾನದ ಒಂದು ಕಲಮನ್ನು ಅರ್ಥ ಮಾಡಿ ಹೇಳಬೇಕು. ಕಲಮುಗಳು ಒಟ್ಟು 285, ಯಾವುದನ್ನು ಕೇಳಬೇಕೆಂಬುದು ನೋಂದಣಿ ಗುಮಾಸ್ತನ ಇಷ್ಟ, ಉತ್ತರ ಸರಿಯೋ ತಪ್ಪೋ ಎನ್ನುವುದೂ ಅವನ ಇಷ್ಟ. ಬಿಳಿಯನಿಗೆ ಒಂದು ಸಾಲಿನ ಕಲಮು, ಕಪ್ಪು ಮೇಷ್ಟ್ರಿಗೆ ತೆರಿಗೆ ಕಾಯಿದೆಯ ಉದ್ದನೆಯ ಕಲಮು. 1962ರಲ್ಲಿ ಇನ್ನೊಂದು ನಿಯಮ ಸೇರಿಸಿದರು. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚು ಹಾಕಬೇಕು. ಏತಕ್ಕೆ? ಕೆಲಸದಿಂದ ತೆಗೆಯುವವರಿಗೆ, ಸಾಲ ವಾಪಸ್ ಕೇಳುವವರಿಗೆ, ರಾತ್ರಿ ಕಾರಿನಲ್ಲಿ ಬಂದು ಗುಂಡು ಹಾರಿಸುವವರಿಗೆ ವಿಳಾಸ ಸಿಗಲಿ ಎಂದು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. 1951-52ರಲ್ಲಿ ನಮ್ಮ ಮೊದಲ ಮಹಾಚುನಾವಣೆ ನಡೆದಾಗ ಈ ದೇಶದ ಬಹುಪಾಲು ಮತದಾರರಿಗೆ ಓದು ಬರಹ ಬರುತ್ತಿರಲಿಲ್ಲ. ಎತ್ತಿನ ಜೋಡಿ, ಗುಡಿಸಲು ಎಂದು ಚಿತ್ರ ಕೊಟ್ಟು, ನಿನ್ನ ಚಿತ್ರ ಆರಿಸಿಕೋ ಎಂದರು. ನನ್ನ ಅಜ್ಜಿ ಹೆಬ್ಬೆಟ್ಟಿನವರು, ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಅದೇ ಹೊತ್ತಿಗೆ ಮಿಸಿಸಿಪ್ಪಿಯಲ್ಲಿ ಪದವಿ ಪಡೆದ ಕಪ್ಪು ಶಿಕ್ಷಕರು ಓದಿನ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದರು. ಇದನ್ನು ಮೊದಲು ಓದಿದಾಗ ನನಗೆ ಅಜ್ಜಿ ನೆನಪಾದರು.

ಈಗ ಅಲಬಾಮಾ ರಾಜ್ಯದ ಮಾಂಟ್ಗಮರಿ ನಗರ. ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು, ಗೆದ್ದರು ಎಂದು ನಮ್ಮ ಪಠ್ಯಪುಸ್ತಕಗಳು ಹೇಳಿ ಮುಗಿಸುತ್ತವೆ. 1955ರ ಡಿಸೆಂಬರ್ 1ರ ಆ ಸಂಜೆಯ ನಂತರದ ರಾತ್ರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಿನವರೆಗೆ ಸಾವಿರಾರು ಕರಪತ್ರ ತೆಗೆದರು. ಸೋಮವಾರ ಬಸ್ಸು ಹತ್ತಬೇಡಿ. ಅಷ್ಟೇ ಮಾತು. ಮುಷ್ಕರ 381 ದಿನ ನಡೆಯಿತು. ಜನರನ್ನು ಕೆಲಸಕ್ಕೆ ಒಯ್ಯಲು ಕಾರುಗಳು ಬೇಕು, ಕಾರಿಗೆ ಪೆಟ್ರೋಲು ಬೇಕು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರ ಗುಂಪು ಕಟ್ಟಿ, ಕೋಳಿ, ಮೀನು, ಕೇಕು ಮಾಡಿ ಮಾರಿ ದುಡ್ಡು ತಂದರು. ದುಡ್ಡು ಎಲ್ಲಿಂದ ಬಂತು ಎಂದರೆ ‘ಎಲ್ಲಿಂದಲೂ ಇಲ್ಲ’ ಎನ್ನಬೇಕು. ಗುಂಪಿನ ಹೆಸರೇ ಹಾಗೆ, ಎಲ್ಲಿಯದೂ ಅಲ್ಲದ ಕ್ಲಬ್. ಯಾರು ಕೊಟ್ಟರು ಎಂದು ಗೊತ್ತಾದರೆ ಆ ಹೆಂಗಸರ ಮನೆಗೆಲಸ ಹೋಗುತ್ತಿತ್ತು.

ನನಗೆ ಮಾಂಟ್ಗಮರಿಗಿಂತ ಹೆಚ್ಚು ಹತ್ತಿರವಾದದ್ದು ಜಾನ್ಸ್ ಐಲೆಂಡ್. ದಕ್ಷಿಣ ಕ್ಯಾರೊಲಿನಾದ ತೀರದ ಒಂದು ದ್ವೀಪ. ಅಲ್ಲಿಂದ ಚಾರ್ಲ್ಸ್‌ಟನ್ ಪಟ್ಟಣಕ್ಕೆ ಎಸಾ ಜೆಂಕಿನ್ಸ್ ಎಂಬವರು ಬಸ್ಸು ಓಡಿಸುತ್ತಿದ್ದರು. ಬಸ್ಸಿನಲ್ಲಿ ಹೋಗುವಾಗ ಪ್ರಯಾಣಿಕರಿಗೆ ರಾಜ್ಯದ ಸಂವಿಧಾನದ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಬಾಯಿಪಾಠ ಆಗುತ್ತಿತ್ತು, ಓದು ಬರುತ್ತಿರಲಿಲ್ಲ. ಓದಲು ಕಲಿಸಿ ಎಂದು ಜನ ಕೇಳಿದರು. ಸೆಪ್ಟಿಮಾ ಕ್ಲಾರ್ಕ್ ಎಂಬ ಶಿಕ್ಷಕಿ ಆ ಹೊತ್ತಿಗೆ ಕಪ್ಪು ಜನರ ಹಕ್ಕಿನ ಸಂಘದ ಸದಸ್ಯೆ ಎಂಬ ಕಾರಣಕ್ಕೆ ಸುಮಾರು ನಲವತ್ತು ವರ್ಷದ ನೌಕರಿಯನ್ನೂ ಪಿಂಚಣಿಯನ್ನೂ ಕಳೆದುಕೊಂಡಿದ್ದರು. ಜೆಂಕಿನ್ಸ್ ಮತ್ತು ಕ್ಲಾರ್ಕ್ ಸೇರಿ ಒಂದು ಕಟ್ಟಡ ಹೊಂದಿಸಿದರು. ಮುಂದಿನ ಕೋಣೆಯಲ್ಲಿ ದಿನಸಿ ಅಂಗಡಿ, ಬಿಳಿಯರ ಕಣ್ಣಿಗೆ ಅಷ್ಟೇ ಕಾಣಬೇಕು. ಹಿಂದಿನ ಕೋಣೆಯಲ್ಲಿ 1957ರ ಜನವರಿಯಲ್ಲಿ ರಾತ್ರಿಶಾಲೆ.

ಪಾಠ ಹೇಳಿದವರು ಬರ್ನೀಸ್ ರಾಬಿನ್ಸನ್. ಕೇಶಾಲಂಕಾರ, ಹೊಲಿಗೆ ಅವರ ಕಸುಬು. ಶಿಕ್ಷಕಿಯರನ್ನು ಬಿಟ್ಟು ಇವರನ್ನೇ ಆರಿಸಲು ಕಾರಣವಿತ್ತು: ತಮ್ಮ ಮೇಲೆ ಯಾರೂ ಕೋಲು ಆಡಿಸುತ್ತಿಲ್ಲ ಎಂದು ವಯಸ್ಸಾದ ಆ ಜನರಿಗೆ ಅನ್ನಿಸಬೇಕಿತ್ತು. ಜೊತೆಗೆ, ತಲೆ ಬಾಚಿಸಿಕೊಳ್ಳಲು ಬರುವವರೂ ಕಪ್ಪು ಹೆಂಗಸರೇ. ಇವರ ಅನ್ನ ಯಾವ ಬಿಳಿಯನ ಕೈಯಲ್ಲೂ ಇರಲಿಲ್ಲ. ಮೊದಲ ದಿನ ರಾಬಿನ್ಸನ್ ಮಕ್ಕಳ ಪುಸ್ತಕ ಒಯ್ದಿದ್ದರು. ಅದು ನಡೆಯುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ನಿಮಗೆ ಏನು ಕಲಿಯಬೇಕು ಎಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಫಾರಂ ತುಂಬಬೇಕು, ಮತದಾರರ ಅರ್ಜಿ ತುಂಬಬೇಕು. ರಾಬಿನ್ಸನ್ ದಪ್ಪ ರಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರು ಬರೆದು ಕೊಟ್ಟು, ಅದರ ಮೇಲೇ ಪೆನ್ಸಿಲಿನಿಂದ ಮತ್ತೆ ಮತ್ತೆ ತಿದ್ದಿಸಿದರು. ನೇಗಿಲು ಗುದ್ದಲಿ ಹಿಡಿದ ಕೈ, ಮೊದಮೊದಲು ಪೆನ್ಸಿಲು ಮುರಿಯುತ್ತಿತ್ತು. ಅರವತ್ತೈದರ ಒಬ್ಬ ಅಜ್ಜಿ, ಹಲಗೆಯ ಮೇಲಿನ ಹಲವು ಹೆಸರುಗಳ ನಡುವೆ ತನ್ನದನ್ನು ಕಂಡು, ಎದ್ದು ಹೋಗಿ ರಾಬಿನ್ಸನ್ ಕೈಯಲ್ಲಿದ್ದ ಕೋಲು ತೆಗೆದುಕೊಂಡು, ಇದು ನನ್ನ ಹೆಸರು ಎಂದು ಒಂದೊಂದೇ ಅಕ್ಷರ ತೋರಿಸಿದರು.

ಈ ಶಾಲೆಯ ಮಾದರಿ ಅಕ್ಕಪಕ್ಕದ ದ್ವೀಪಗಳಿಗೆ ಹಬ್ಬಿತು. 1961ರಿಂದ ಕಿಂಗ್ ಅವರ ಸಂಘಟನೆ ಇದನ್ನು ಕೈಗೆತ್ತಿಕೊಂಡು ದಕ್ಷಿಣದ ರಾಜ್ಯಗಳಿಗೆಲ್ಲ ಒಯ್ದಿತು. ಬೃಹತ್ ಮೆರವಣಿಗೆಗಳ ಫೋಟೋ ನೋಡುವಾಗ ಈ ಹಿಂದಿನ ಕೋಣೆಯನ್ನು ಮರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬೀದಿಗೆ ಇಳಿಯುವ ಧೈರ್ಯ ಅಲ್ಲಿ ರಾತ್ರಿ ರಾತ್ರಿ ತಯಾರಾಗಿತ್ತು.

ಈಗ ಫ್ಯಾನಿ ಲೂ ಹೇಮರ್. ಇವರ ಹೆಸರು ನಮ್ಮಲ್ಲಿ ಕಿಂಗ್ ಅವರಷ್ಟೇ ಕೇಳಿಬರಬೇಕಿತ್ತು. 1917ರಲ್ಲಿ ಕೋರುಪಾಲಿಗೆ ಗೇಯುವ ಮನೆಯಲ್ಲಿ ಇಪ್ಪತ್ತನೇ ಮಗುವಾಗಿ ಹುಟ್ಟಿದವರು. ಆರನೇ ವಯಸ್ಸಿಗೆ ಹತ್ತಿ ಬಿಡಿಸಲು ಇಳಿದರು. ಸನ್‌ಫ್ಲವರ್ ಕೌಂಟಿಯ ರೂಲ್‌ವಿಲ್ ಬಳಿಯ ತೋಟವೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಲೆಕ್ಕ ಬಲ್ಲವರೆಂದು ಒಡೆಯ ಆಳುಗಳ ಲೆಕ್ಕ ಇಡುವ ಕೆಲಸ ಕೊಟ್ಟಿದ್ದ. ಅಲ್ಲಿ ಹತ್ತಿ ತೂಗುವ ಕೋಲಿಗೆ ನೇತುಹಾಕುವ ತೂಕದ ಗುಂಡು ಮೋಸದ್ದು, ಬಿಡಿಸಿದ ಹತ್ತಿ ಕಡಿಮೆ ತೂಗುವಂತೆ ಮಾಡಿದ್ದು. ಒಡೆಯ ಇಲ್ಲದ ಹೊತ್ತಿಗೆ ಹೇಮರ್ ತಮ್ಮದೇ ಸರಿಯಾದ ಗುಂಡು ತಂದು ಹಾಕಿ ತೂಗುತ್ತಿದ್ದರಂತೆ. ಅವರೇ ಹೇಳಿಕೊಂಡಿದ್ದಾರೆ. ಕಾಗೋಡಿನಿಂದ ಶುರು ಮಾಡಿದ್ದು ಏತಕ್ಕೆ ಎಂದು ಈಗ ಗೊತ್ತಾಗಿರಬೇಕು.

ನಲವತ್ತನಾಲ್ಕು ವರ್ಷದವರೆಗೆ ತನಗೆ ಮತದ ಹಕ್ಕಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. 1962ರ ಆಗಸ್ಟ್‌ನಲ್ಲಿ ವಿದ್ಯಾರ್ಥಿ ಸಂಘಟನೆಯ ಹುಡುಗರು ಊರಿನ ಚರ್ಚಿನಲ್ಲಿ ಸಭೆ ಮಾಡಿ ಹೇಳಿದಾಗಲೇ ತಿಳಿದದ್ದು. ಆಗಸ್ಟ್ 31ರಂದು ಹದಿನೆಂಟು ಜನ ಒಂದು ಹಳೇ ಬಸ್ಸಿನಲ್ಲಿ ಇಂಡಿಯನೋಲಾದ ಕೋರ್ಟ್ ಕಟ್ಟಡಕ್ಕೆ ಹೋದರು. ಹೇಮರ್‌ಗೆ ಬಂದ ಪ್ರಶ್ನೆ, ವಾಸ್ತವದಲ್ಲಿ ಜಾರಿಯಲ್ಲಿರುವ ಕಾನೂನು ಎಂದರೇನು, ವಿವರಿಸಿ. ‘ಕುದುರೆಗೆ ಕ್ರಿಸ್‌ಮಸ್ ಹಬ್ಬ ಎಷ್ಟು ಗೊತ್ತೋ ನನಗೆ ಅದು ಅಷ್ಟೇ ಗೊತ್ತಿತ್ತು’ ಎಂದು ಆಮೇಲೆ ಹೇಳುತ್ತಿದ್ದರು. ಫೇಲಾದರು. ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿದರು. ಬಸ್ಸಿನ ಹಳದಿ ಬಣ್ಣ ಜಾಸ್ತಿಯಾಯಿತು ಎಂದು ದಂಡ ಹಾಕಿದರು. ಬಸ್ಸಿನಲ್ಲಿದ್ದ ಬಡವರೇ ಚಿಲ್ಲರೆ ಕೂಡಿಸಿ ಕಟ್ಟಿದರು. ಬಸ್ಸಿನೊಳಗಿನ ಹೆದರಿಕೆ ಕಳೆಯಲು ಹೇಮರ್ ಹಾಡತೊಡಗಿದ್ದು ಆ ದಿನವೇ.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು ಎಂದ ಒಡೆಯ. ‘ನಾನು ನಿಮಗೋಸ್ಕರ ಹೆಸರು ಬರೆಸಲು ಹೋಗಿರಲಿಲ್ಲ, ನನಗೋಸ್ಕರ ಹೋಗಿದ್ದೆ’ ಎಂದರು ಹೇಮರ್. ಆ ರಾತ್ರಿಯೇ ಮನೆ ಬಿಟ್ಟರು. ಹತ್ತು ದಿನದಲ್ಲಿ ಅವರು ಆಶ್ರಯ ಪಡೆದಿದ್ದ ಮನೆಯ ಮೇಲೆ ಹದಿನಾರು ಗುಂಡು ಬಿದ್ದವು. ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆಗೆ ಹೋದರು. ಪಾಸಾಗುವವರೆಗೆ ತಿಂಗಳು ತಿಂಗಳು ಬರುತ್ತೇನೆ ಎಂದು ಗುಮಾಸ್ತನಿಗೆ ಹೇಳಿಯೇ ಬಂದರು. ಈ ಸಲ ಪಾಸಾಯಿತು. ಮುಂದೆ ಮತ ಹಾಕಲು ಹೋದರೆ ತಲೆಗಂದಾಯದ ಎರಡು ವರ್ಷದ ರಸೀದಿ ಎಲ್ಲಿ ಎಂದರು. ಹೆಸರೇ ಇಲ್ಲದವರು ಕಂದಾಯ ಕಟ್ಟಿರುವುದೆಲ್ಲಿಂದ? 1963ರ ಜೂನ್‌ನಲ್ಲಿ ಮತದಾರರ ನೋಂದಣಿಯ ತರಬೇತಿ ಮುಗಿಸಿ ಬರುವಾಗ ವಿನೋನಾ ಊರಿನಲ್ಲಿ ಬಂಧಿಸಿ, ಜೈಲಿನಲ್ಲಿ ಇಬ್ಬರು ಕಪ್ಪು ಕೈದಿಗಳ ಕೈಗೇ ದೊಣ್ಣೆ ಕೊಟ್ಟು ಹೊಡೆಸಿದರು. ಮೂತ್ರಪಿಂಡಕ್ಕೆ ಆದ ಪೆಟ್ಟು ಸಾಯುವವರೆಗೂ ಬಿಡಲಿಲ್ಲ.

1964ರ ಬೇಸಿಗೆಯಲ್ಲಿ ಉತ್ತರದ ಕಾಲೇಜುಗಳಿಂದ ನೂರಾರು ವಿದ್ಯಾರ್ಥಿಗಳು ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪ್ಪಿಗೆ ಬಂದರು. ಜೂನ್ 21ರಂದು ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ಯುವಕರು ಕಾಣೆಯಾದರು. ಆಗಸ್ಟ್ 4ರಂದು ಮಣ್ಣಿನ ಒಡ್ಡಿನಡಿ ಶವಗಳು ಸಿಕ್ಕಿದವು. ಇಬ್ಬರು ಬಿಳಿಯರು ಇದ್ದರೆಂದೇ ದೇಶವೆಲ್ಲ ಹುಡುಕಿತು ಎಂದು ಕಪ್ಪು ಯುವಕ ಚೇನಿಯ ಊರಿನವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಇಂಥ ಕೊಲೆಗಳು ಅಲ್ಲಿ ಹಿಂದೆಯೂ ಆಗಿದ್ದವು, ಹುಡುಕಲು ಯಾರೂ ಬಂದಿರಲಿಲ್ಲ.

ಆ ತಿಂಗಳ ಕೊನೆಗೆ ಅಟ್ಲಾಂಟಿಕ್ ಸಿಟಿಯಲ್ಲಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ. ಮಿಸಿಸಿಪ್ಪಿಯ ಅಧಿಕೃತ ನಿಯೋಗದಲ್ಲಿ ಎಲ್ಲರೂ ಬಿಳಿಯರು. ಕಪ್ಪು ಜನರು ತಾವೇ ಸಭೆ ಸೇರಿ ಬೇರೆ ಪಕ್ಷ ಕಟ್ಟಿ, 68 ಪ್ರತಿನಿಧಿಗಳನ್ನು ಆರಿಸಿ ಕಳಿಸಿದ್ದರು. ನಿಜವಾದ ಮಿಸಿಸಿಪ್ಪಿ ನಾವು ಎಂಬುದು ಅವರ ವಾದ. ಆಗಸ್ಟ್ 22ರಂದು ಹೇಮರ್ ಟಿವಿ ಕ್ಯಾಮೆರಾಗಳ ಮುಂದೆ ಇಂಡಿಯನೋಲಾದ ಬಸ್ಸು, ಒಡೆಯನ ಮಾತು, ವಿನೋನಾದ ಜೈಲು ಎಲ್ಲವನ್ನೂ ಹೇಳಿದರು. ಇದು ಅಮೆರಿಕವೇ ಎಂದು ಕೇಳಿದರು. ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅದೇ ಜಾನ್ಸನ್ ಏಳು ವಾರದ ಹಿಂದಷ್ಟೇ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದ್ದವರು. ದಕ್ಷಿಣದ ಬಿಳಿಯರು ಕೈಬಿಟ್ಟಾರೆಂಬ ಭಯ ಅವರಿಗೆ. ಆದರೆ ಅದೇ ಸಂಜೆ ಟಿವಿಯವರು ಹೇಮರ್ ಮಾತನ್ನು ಮತ್ತೆ ತೋರಿಸಿದರು, ದೇಶ ನೋಡಿತು. ಪಕ್ಷ ಎರಡು ಸೀಟು ಕೊಡುತ್ತೇವೆ ಎಂದಿತು, ಅದೂ ಯಾರಿಗೆ ಎಂದು ತಾನೇ ಗೊತ್ತುಮಾಡಿ. ಹೋರಾಟದ ದೊಡ್ಡ ನಾಯಕರಲ್ಲಿ ಹಲವರು ಒಪ್ಪಿಕೊಳ್ಳಿ ಎಂದರು. ಎರಡು ಸೀಟಿಗಾಗಿ ಇಷ್ಟು ದೂರ ಬರಲಿಲ್ಲ ಎಂದರು ಹೇಮರ್. ಇಲ್ಲಿ ನಾನು ಹೇಮರ್ ಪರ. ಎರಡು ಸೀಟಿನ ಕೊಳಗವೂ ಒಡೆಯರದೇ ಆಗಿತ್ತು.

ಜಾನ್ಸನ್ ಹೆದರಿದ್ದು ಆಗಿಯೇ ಆಯಿತು. ನವೆಂಬರ್ ಚುನಾವಣೆಯಲ್ಲಿ ದೇಶದ ಬಹುಪಾಲು ರಾಜ್ಯಗಳು ಜಾನ್ಸನ್ ಕಡೆ, ಮಿಸಿಸಿಪ್ಪಿಯಲ್ಲಿ ರಿಪಬ್ಲಿಕನ್ ಗೋಲ್ಡ್‌ವಾಟರ್‌ಗೆ ಶೇ. 87 ಮತ. ತಲೆಮಾರುಗಳಿಂದ ಡೆಮಾಕ್ರಟಿಕ್ ಪಕ್ಷದ ಕೋಟೆಯಾಗಿದ್ದ ದಕ್ಷಿಣದ ಬಿಳಿಯರು ಪಕ್ಷ ಬದಲಿಸುವುದು ಹೀಗೆ ಶುರುವಾಯಿತು. ಇಂದಿನ ಅಮೆರಿಕದ ರಾಜಕೀಯ ನಕ್ಷೆಯ ರಿಪಬ್ಲಿಕನ್ ಕೆಂಪು, ಡೆಮಾಕ್ರಟಿಕ್ ನೀಲಿಗಳನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವರ್ಷವನ್ನು ತಿಳಿದುಕೊಳ್ಳಲೇಬೇಕು.

ಸೆಲ್ಮಾದ ಬಗ್ಗೆ ನಿಮಗೆ ಗೊತ್ತು. 1965ರ ಮಾರ್ಚ್ 7, ಅಲಬಾಮಾದ ಆ ಊರಿನಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟವರ ಮೇಲೆ ಸೇತುವೆಯ ಬಳಿ ಪೊಲೀಸರ ಲಾಠಿ, ಅಶ್ರುವಾಯು, ಕುದುರೆ. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆ ಬಂತು. ಈ ಕಾಯಿದೆಯ ಹೆಚ್ಚುಗಾರಿಕೆ ಎಲ್ಲಿದೆ ನೋಡಿ. ಹಕ್ಕು ಇದೆ ಎಂದು ಮತ್ತೊಮ್ಮೆ ಸಾರಿ ಸುಮ್ಮನಾಗಲಿಲ್ಲ. ಪರೀಕ್ಷೆಗಳನ್ನು ನಿಲ್ಲಿಸಿತು, ಸ್ಥಳೀಯ ಗುಮಾಸ್ತ ಹೆಸರು ಬರೆದುಕೊಳ್ಳದಿದ್ದರೆ ಕೇಂದ್ರದ ಅಧಿಕಾರಿ ಬಂದು ಬರೆದುಕೊಳ್ಳುತ್ತಾನೆ ಎಂದಿತು, ಹಳೇ ಚಾಳಿಯ ರಾಜ್ಯಗಳು ಚುನಾವಣಾ ನಿಯಮ ಬದಲಿಸಬೇಕಾದರೆ ಮೊದಲೇ ಒಪ್ಪಿಗೆ ಪಡೆಯಬೇಕು ಎಂದಿತು. ಕೊಳಗವನ್ನು ಒಡೆಯರ ಕೈಯಿಂದ ತೆಗೆಯಿತು. ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ಕಾಯಿದೆಗೆ ಮೊದಲು ಮತದಾರರ ಪಟ್ಟಿಯಲ್ಲಿದ್ದವರು ಶೇ. 6.7. ಎರಡೇ ವರ್ಷದಲ್ಲಿ ಸುಮಾರು ಶೇ. 60.

ಅದೇ ವರ್ಷ, ಅದೇ ಸಂಸತ್ತು, ಅಕ್ಟೋಬರ್ 3ರಂದು ಇನ್ನೊಂದು ಕಾಯಿದೆ. ಅದುವರೆಗೆ ವಲಸೆಯಲ್ಲೂ ಹುಟ್ಟಿದ ದೇಶದ ಮೇಲೆ ಕೋಟಾ ಇತ್ತು. 1946ರ ಕಾನೂನಿನಂತೆ ಭಾರತಕ್ಕೆ ವರ್ಷಕ್ಕೆ ನೂರು ಜನ. ಜನಾಂಗದ ಲೆಕ್ಕದ ಆ ಕೋಟಾ ಹೋಗಿ ಬಾಗಿಲು ತೆರೆಯಿತು. ಆಮೇಲೆ ಹೋದವರೇ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು. ಅಮೆರಿಕದ ಊರೂರಿನ ಕನ್ನಡ ಕೂಟಗಳಲ್ಲಿ ಮಾತಾಡುವ ಅವಕಾಶ ಸಿಕ್ಕಿದಾಗಲೆಲ್ಲ ನಾನು ಇದನ್ನು ಹೇಳಿದ್ದೇನೆ: ನೀವು ಇಲ್ಲಿಗೆ ಬಂದ ದಾರಿಯನ್ನು ಹೇಮರ್ ಅಂಥವರ ಬೆವರು, ರಕ್ತ ಹಸನು ಮಾಡಿದೆ. ಕೆಲವರ ಮುಖದಲ್ಲಿ ಆಶ್ಚರ್ಯ ಕಂಡಿದ್ದೇನೆ, ಕೆಲವರು ಆಮೇಲೆ ಹತ್ತಿರ ಬಂದು ಕೈ ಹಿಡಿದಿದ್ದಾರೆ.

ಕಾಯಿದೆಯಿಂದ ಎಲ್ಲ ಮುಗಿಯಲಿಲ್ಲ. ಸಹಿ ಬಿದ್ದ ಐದನೇ ದಿನ ಲಾಸ್ ಏಂಜಲೀಸ್‌ನ ವಾಟ್ಸ್ ಹೊತ್ತಿ ಉರಿಯಿತು, 34 ಜನ ಸತ್ತರು. ಅಲ್ಲಿಯವರಿಗೆ ಮತವಿತ್ತು, ಮನೆ, ಕೆಲಸ, ನ್ಯಾಯದ ಪೊಲೀಸು ಇರಲಿಲ್ಲ. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದು ಆಳುಗಳೇ ಬೇಡವಾದರು. ಮತ ಸಿಕ್ಕ ಹೊತ್ತಿಗೆ ಗೇಯುವ ನೆಲ ಹೋಯಿತು. ಹೇಮರ್ ಸುಮ್ಮನೆ ಕೂರಲಿಲ್ಲ. 1969ರಲ್ಲಿ ಜಮೀನು ಕೊಂಡು ಸಹಕಾರಿ ಬೇಸಾಯ ಶುರು ಮಾಡಿದರು. ಬಡವರಿಗೆ ಹಂದಿ ಕೊಟ್ಟು, ಮರಿ ಹಾಕಿದ ಮೇಲೆ ಮರಿಗಳನ್ನು ಇನ್ನೊಬ್ಬ ಬಡವರಿಗೆ ದಾಟಿಸುವ ಹಂದಿ ಬ್ಯಾಂಕು ನಡೆಸಿದರು.

ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಹತ್ತರಲ್ಲಿ ಎಂಟು ಜನ ಕಪ್ಪು ಜನ, 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಪಟ್ಟಿಯಲ್ಲಿರಲಿಲ್ಲ. ಅವರು ತಮ್ಮದೇ ಪಕ್ಷ ಕಟ್ಟಿದಾಗ ಓದು ಬಾರದವರಿಗಾಗಿ ಒಂದು ಚಿಹ್ನೆ ಬೇಕಾಯಿತು, ನಮ್ಮಲ್ಲಿ ಇರುವ ಹಾಗೆಯೇ. ಕಪ್ಪು ಚಿರತೆಯನ್ನು ಆರಿಸಿಕೊಂಡರು. ಆ ಚಿರತೆ 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವಾಯಿತು. 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ ಆಯಿತು. ಆ ಗಾಳಿ ಕರ್ನಾಟಕದ ದಲಿತ ಚಳವಳಿಯನ್ನೂ ತಟ್ಟಿತು.

2013ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಲ್ಲಿ, ಯಾವ ರಾಜ್ಯಗಳು ಮೊದಲೇ ಒಪ್ಪಿಗೆ ಪಡೆಯಬೇಕು ಎಂದು ಗೊತ್ತುಮಾಡುವ ಸೂತ್ರವನ್ನು ರದ್ದು ಮಾಡಿತು. ಕಾಲ ಬದಲಾಗಿದೆ ಎಂಬುದು ಕಾರಣ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ತೀರ್ಪಿನ ಬೆನ್ನಿಗೇ ಹಲವು ರಾಜ್ಯಗಳು ಮತದಾನದ ನಿಯಮಗಳನ್ನು ಬಿಗಿ ಮಾಡತೊಡಗಿದವು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಸರ್, ಕೊನೆಗೆ ಹೇಮರ್ ಮತ ಹಾಕಿದರಾ?’

ಹಾಕಿದರಮ್ಮ. 1964ರ ಜೂನ್ 2, ಪಕ್ಷದ ಪ್ರಾಥಮಿಕ ಚುನಾವಣೆ. ಜಾಕ್ಸನ್‌ನಲ್ಲಿ ಲೋಹಿಯಾ ಪೊಲೀಸ್ ವ್ಯಾನು ಹತ್ತಿ ವಾರವೂ ಆಗಿರಲಿಲ್ಲ. ಸಂಸತ್ತಿನ ಸ್ಥಾನಕ್ಕೆ 1941ರಿಂದ ಕೂತಿದ್ದ ಬಿಳಿಯನೊಬ್ಬನ ಎದುರು ಹೇಮರ್ ನಿಂತಿದ್ದರು. ಸೋತರು, ಅವರ ಜನರಿಗೆ ಮತವೇ ಇರಲಿಲ್ಲವಲ್ಲ. ಆದರೆ ಹೇಮರ್ ಹೆಸರು ಮತಪತ್ರದಲ್ಲಿತ್ತು, ಮತದಾರರ ಪಟ್ಟಿಯಲ್ಲೂ ಇತ್ತು. ನಲವತ್ತಾರನೇ ವಯಸ್ಸಿನಲ್ಲಿ ಜೀವನದ ಮೊದಲ ಮತವನ್ನು ಅವರು ತಮಗೇ ಹಾಕಿಕೊಂಡರು.